ಮೊದಲು ಮಾಳಿಗೆ ಹತ್ತಿ ನೋಡಿ

ಐಹೊಳೆಯ ಓಣಿಯಲ್ಲಿ ಅಜ್ಜನ ಕಾಲದ ಕಲ್ಲಿನ ಮನೆ ನಿಮ್ಮ ಪಾಲಿಗೆ ಬಂದಿದೆ ಎಂದರೆ ಮೊದಲು ಸಂತೋಷಪಡಿ. ಎಷ್ಟೋ ಜನ ಮುಖ ಸಣ್ಣಗೆ ಮಾಡಿಕೊಳ್ಳುವುದನ್ನು ನೋಡಿದ್ದೇನೆ. "ಗುಡಿ ಪಕ್ಕದ ಮನೆ, ಒಂದು ಮೊಳೆ ಹೊಡೆಯಲೂ ಬಿಡುವುದಿಲ್ಲ" ಎಂದು ಬೇಸರಪಟ್ಟು, ಬೀಗ ಹಾಕಿ ಬಾಗಲಕೋಟೆಗೋ ಇಳಕಲ್ಲಿಗೋ ಹೋಗಿಬಿಡುತ್ತೀರಿ. ನಾಲ್ಕು ಮಳೆಗಾಲ ಕಳೆದು ಬಂದಾಗ ಜಂತಿ ಮುರಿದಿರುತ್ತದೆ. ಆಗ ಕಾನೂನನ್ನು ಬೈಯುತ್ತೀರಿ. ಆದರೆ ಆ ನಾಲ್ಕು ವರ್ಷದಲ್ಲಿ ಮಾಳಿಗೆ ಹತ್ತಿ ನೋಡಿದವರು ಯಾರು?

ಕೈ ಹಚ್ಚುವ ಮುಂಚೆ ಮನೆಯನ್ನು ಅರ್ಥಮಾಡಿಕೊಳ್ಳಿ. ಗೋಡೆ ಒಂದೇ ಕಲ್ಲಿನ ದಪ್ಪವಲ್ಲ; ಒಳಗೊಂದು ಹೊರಗೊಂದು ಮರಳುಗಲ್ಲಿನ ಸಾಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ಮಣ್ಣಿನ ಮಾಳಿಗೆ. ಕಂಬದಿಂದ ಕಂಬಕ್ಕೆ ಒಂದು ಅಂಕಣ. ಹಿರಿಯರು ಮನೆಯನ್ನು ಅಳೆದದ್ದೇ ಅಂಕಣದಲ್ಲಿ. ತಲೆಬಾಗಿಲು ದಾಟಿದರೆ ತಗ್ಗಿನಲ್ಲಿ ದನಕರು, ಎತ್ತರದ ಪಡಸಾಲೆಯಲ್ಲಿ ಮನುಷ್ಯರು, ನೆತ್ತಿಯ ಮೇಲೆ ಬೆಳಕಿಂಡಿ. ಬೇಸಿಗೆಯ ನಡುಮಧ್ಯಾಹ್ನ ಪಡಸಾಲೆಯಲ್ಲಿ ಕೂತರೆ ಈ ದಪ್ಪ ಗೋಡೆಯ ಬೆಲೆ ತಿಳಿಯುತ್ತದೆ.

ಒಂದು ಸಲ ಬಿಡುವು ಮಾಡಿಕೊಂಡು ನಿಮ್ಮೂರಿನ ಲಾಡಖಾನ್ ಗುಡಿಯ ಸೂರನ್ನು ನೋಡಿ ಬನ್ನಿ. ಇಳಿಜಾರು ಚಪ್ಪಡಿಗಳ ಸಂದಿ ಮುಚ್ಚಲು ಮೇಲೆ ಉದ್ದುದ್ದ ಕಲ್ಲಿನ ಪಟ್ಟಿ ಇಟ್ಟಿದ್ದಾರೆ, ಮರದ ದಿಮ್ಮಿ ಹೊಂದಿಸಿದ ಹಾಗೆ. ಕಟ್ಟಿಗೆಯ ಕಸುಬನ್ನು ಕಲ್ಲಿನಲ್ಲಿ ತೋರಿಸಿದ ಕೆಲಸ ಅದು. ಅಲ್ಲಿ ವಾಸವಾಗಿದ್ದವನ ಹೆಸರೇ ಗುಡಿಗೆ ನಿಂತಿತು. ಗುಡಿ ನೋಡಲು ದೂರದೂರದವರು ಬರುತ್ತಾರೆ. ನಿಮ್ಮ ಸ್ವಂತ ಮನೆಯ ತೊಲೆ ಜಂತಿಯನ್ನು ನೀವು ತಲೆಯೆತ್ತಿ ನೋಡಿರುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿದ್ದಲ್ಲ.

ಈಗ ಕೆಲಸದ ಮಾತು. ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಮಾಳಿಗೆ ಹತ್ತಿ. ಕಸ ಗುಡಿಸಿ, ಹುಲ್ಲು ಕಿತ್ತು, ಬಿರುಕಿದ್ದಲ್ಲಿ ಸವಳು ಮಣ್ಣು ಹಾಕಿ ಬಡಿಯಿರಿ. ನೀರು ಹೊರಚೆಲ್ಲುವ ದೋಣಿಯ ಬಾಯಿ ಬಿಡಿಸಿ. ನೀರು ಒಂದು ಗಳಿಗೆಯೂ ಮೇಲೆ ನಿಲ್ಲಬಾರದು. ಪ್ರತಿವರ್ಷದ ಈ ತೊಂದರೆಯೇ ಬೇಡವೆಂದು ಮಣ್ಣಿನ ಮೇಲೆ ಸಿಮೆಂಟು ಹಾಕಿಸಬೇಡಿ. ನಮ್ಮ ತವರಿನಲ್ಲಿ ಹಾಗೆ ಮಾಡಿದರು. ಮೂರು ವರ್ಷ ಎಲ್ಲರೂ ಹೊಗಳಿದರು. ಆಮೇಲೆ ಕೂದಲೆಳೆಯಂಥ ಬಿರುಕಿನಿಂದ ಇಳಿದ ನೀರು ಒಣಗಲು ದಾರಿಯಿಲ್ಲದೆ ಒಳಗೇ ಉಳಿಯಿತು. ಮೇಲೆ ನೋಡಿದರೆ ಎಲ್ಲ ಸರಿ, ಕೆಳಗೆ ಸಾಗವಾನಿ ತೊಲೆಯ ತುದಿ ಹಿಟ್ಟಾಗಿತ್ತು.

ಗೋಡೆಗೂ ಇದೇ ಮಾತು. ಮರಳುಗಲ್ಲು, ಮಣ್ಣು ಎರಡೂ ತೇವ ಹೀರಿ ಬಿಡುವಂಥವು. ನೆಲದಿಂದ ಏರಿದ ತೇವ ಕಲ್ಲಿನ ಸಂದಿಗಳಿಂದ ಹೊರಗೆ ಹೋಗಬೇಕು. ಸಂದಿಗೆ ಸಿಮೆಂಟು ಮೆತ್ತಿದರೆ ಆ ತೇವ ಕಲ್ಲಿನ ಮೈಯಿಂದಲೇ ಹೊರಡುತ್ತದೆ, ಉಪ್ಪನ್ನೂ ಜೊತೆಗೆ ತರುತ್ತದೆ. ಒಣಗಿದಾಗ ಉಪ್ಪು ಹರಳುಗಟ್ಟಿ ಕಲ್ಲಿನ ಪದರವನ್ನೇ ಎಬ್ಬಿಸುತ್ತದೆ. ಮಣ್ಣಿನ ಗೋಡೆಗೆ ಮಣ್ಣು, ಗಾರೆಯ ಗೋಡೆಗೆ ಗಾರೆ. ಇಷ್ಟು ನೆನಪಿಟ್ಟುಕೊಂಡರೆ ಸಾಕು. ಬಣ್ಣ ಬೇಕೆಂದರೆ ಸುಣ್ಣ ಬಳಿಯಿರಿ. ಕೆತ್ತನೆಯ ಬಾಗಿಲುವಾಡಕ್ಕೆ ಎಣ್ಣೆಬಣ್ಣ ಹಚ್ಚಿ ಹೂವು ಬಳ್ಳಿಗಳನ್ನು ಮುಚ್ಚಬೇಡಿ.

ಗೋಡೆಯ ಬುಡವನ್ನೂ ಮರೆಯಬೇಡಿ. ಓಣಿಯ ರಸ್ತೆಗೆ ಪದರದ ಮೇಲೆ ಪದರ ಕಾಂಕ್ರೀಟು ಬಿದ್ದು ಹೊಸ್ತಿಲೇ ತಗ್ಗಾಗಿರುವ ಮನೆಗಳಿವೆ. ಮುಂದಿನ ಸಲ ರಸ್ತೆ ಕೆಲಸಕ್ಕೆ ಬಂದಾಗ ಸುಮ್ಮನೆ ನಿಂತು ನೋಡಬೇಡಿ. ಹಳೆಯ ಪದರ ತೆಗೆದು ಹಾಕಿ, ಗಟಾರದ ಇಳಿಜಾರು ಸರಿಮಾಡಿ ಎಂದು ಪಂಚಾಯಿತಿಗೆ ಹೇಳಿ. 2019ರಲ್ಲಿ ಮಲಪ್ರಭೆ ಉಕ್ಕಿದ್ದನ್ನು ಕಂಡವರಿಗೆ ನೀರಿನ ಗುಣ ನಾನು ಹೇಳಬೇಕಾಗಿಲ್ಲ.

ಗೋಡೆಯ ಸಂದಿಯಲ್ಲಿ ಅರಳಿಸಸಿ ಕಂಡರೆ ದೇವರ ಗಿಡವೆಂದು ಕೈಮುಗಿದು ಬಿಡಬೇಡಿ. ಎರಡೆಲೆ ಇರುವಾಗಲೇ ಬೇರು ಸಮೇತ ತೆಗೆದು ಹೊಲದ ಬದುವಿನಲ್ಲಿ ನೆಡಿ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ? ಆದರೆ ಬೇರು ದಪ್ಪವಾಗಿ ಕಲ್ಲು ಬಿಚ್ಚಿದ್ದರೆ ನೀವೇ ಎಳೆಯಬೇಡಿ, ಗೋಡೆ ಮೈಮೇಲೆ ಬಂದೀತು. ತಿಳಿದ ಕಲ್ಲುಕುಟಿಗರನ್ನು ಕರೆಸಿ.

ಇನ್ನು ಅನುಮತಿಯ ವಿಷಯ. ಹೆದರಬೇಡಿ, ಉದಾಸೀನವನ್ನೂ ಮಾಡಬೇಡಿ. 2010ರಲ್ಲಿ ತಿದ್ದುಪಡಿಯಾದ ಸ್ಮಾರಕಗಳ ಕಾಯಿದೆಯ ಪ್ರಕಾರ, ಕೇಂದ್ರದ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ. ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. 100 ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿಲ್ಲ. ಆದರೆ 1992ರ ಜೂನ್ 16ಕ್ಕೆ ಮುಂಚಿನಿಂದ ಇರುವ ಮನೆಯ ದುರಸ್ತಿಗೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಕೆಡವಿ ಮತ್ತೆ ಕಟ್ಟುವುದು ಮಾತ್ರ ದುರಸ್ತಿ ಅನ್ನಿಸಿಕೊಳ್ಳುವುದಿಲ್ಲ. ಅನುಮತಿ ಇಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ರಾತ್ರೋರಾತ್ರಿ ಕೆಲಸ ಮುಗಿಸಿ ಆಮೇಲೆ ಓಡಾಡುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅರ್ಜಿಗೆ ಸಮಯ ಹಿಡಿಯುತ್ತದೆ. ಆದ್ದರಿಂದ ಸುಗ್ಗಿ ಮುಗಿಯುತ್ತಲೇ ಹೊರಡಿ, ಮಳೆ ಕಟ್ಟಿದ ಮೇಲೆ ಅಲ್ಲ. ಮನೆಯ ಉತಾರ, ಮನೆ ಹಳೆಯದೆಂದು ತೋರಿಸುವ ಕಾಗದ, ಎಲ್ಲ ಕಡೆಯ ಫೋಟೊ ಒಂದೇ ಚೀಲದಲ್ಲಿ ಇಟ್ಟುಕೊಳ್ಳಿ. ದುರಸ್ತಿಗೆ ಕಲ್ಲು ಇಳಿಸಬೇಕಾಗಿ ಬಂದರೆ ಪ್ರತಿ ಕಲ್ಲಿಗೂ ಸುಣ್ಣದಿಂದ ಅಂಕಿ ಬರೆದು, ಫೋಟೊ ತೆಗೆದು, ಅದೇ ಸಾಲಿಗೆ ಮತ್ತೆ ಇಡಿಸಿ. ಹಳೆಯ ಕಂಬ, ಬಾಗಿಲು ಕೊಳ್ಳಲು ಬರುವವರಿಗೆ ಕೊಡುವುದಿಲ್ಲವೆಂದು ಖಡಾಖಂಡಿತವಾಗಿ ಹೇಳಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಪರಊರಿನಲ್ಲಿ ಇರುವವರಿಗೆ ಕೊನೆಯದೊಂದು ಮಾತು. ಮುಚ್ಚಿದ ಮನೆಗೆ ಮೊದಲು ಬರುವ ಬಾಡಿಗೆದಾರ ಗೆದ್ದಲು. ಬೀಗದ ಕೈಯನ್ನು ಪಕ್ಕದ ಮನೆಯ ಹಿರಿಯರ ಹತ್ತಿರ ಕೊಟ್ಟುಬನ್ನಿ. ವಾರಕ್ಕೊಮ್ಮೆ ಬಾಗಿಲು ತೆಗೆದು ಗಾಳಿಯಾಡಿಸಿ ಎಂದು ಕೇಳಿಕೊಳ್ಳಿ, ಇಲ್ಲ ಅನ್ನುವವರಲ್ಲ. ಕಾರಹುಣ್ಣಿಮೆಗೆ ಮುಂಚೆ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಬನ್ನಿ. ಜೊತೆಗೆ ಒಂದು ಪೊರಕೆ, ಒಂದು ಬುಟ್ಟಿ ಸವಳು ಮಣ್ಣು ಇರಲಿ. ಮಾಳಿಗೆ ಗುಡಿಸಲು ಯಾರ ಅಪ್ಪಣೆಯೂ ಬೇಕಿಲ್ಲ.