ಫೆರಾರಿಯ ಕಿಟಕಿ ಏಕೆ ತೆವಳುತ್ತದೆ?

ಪ್ರಶ್ನೆ: ನನ್ನ ಬಳಿ 1983ರ ಫೆರಾರಿ 308 ಜಿಟಿಎಸ್ ಕ್ವಾತ್ರೊವಾಲ್ವೊಲೆ ಇದೆ. ಚಾಲಕನ ಕಡೆಯ ಗಾಜು ಇಳಿಯುವುದೇನೋ ಇಳಿಯುತ್ತದೆ, ಏರುವಾಗ ಮಾತ್ರ ತೆವಳುತ್ತದೆ. ಅರ್ಧದಲ್ಲಿ ನಿಂತೂಬಿಡುತ್ತದೆ. ಕೈಕೊಟ್ಟು ಎತ್ತಿದರೆ ಹೋಗುತ್ತದೆ. ಗ್ಯಾರೇಜಿನವರು ಮೋಟರ್ ಬದಲಿಸಿ ಎನ್ನುತ್ತಿದ್ದಾರೆ. ಬದಲಿಸಲೇ?
– ಓದುಗರು, ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ

ಉತ್ತರ: ಸದ್ಯಕ್ಕೆ ಬೇಡ. ಈ ಕಾರಿನಲ್ಲಿ ಎಲ್ಲರ ಕೈ ಮೊದಲು ಹೋಗುವುದು ಮೋಟರಿನ ಮೇಲೆಯೇ. ಆದರೆ ಅದನ್ನು ಅನುಮಾನಿಸಬೇಕಾದದ್ದು ಕೊನೆಗೆ.

ನಿಮ್ಮ ಬಾಗಿಲೊಳಗೆ ಮೋಟರ್ ಒಂದು ಡ್ರಮ್ ತಿರುಗಿಸುತ್ತದೆ. ಡ್ರಮ್ಮಿಗೆ ಸುತ್ತಿದ ಉಕ್ಕಿನ ಕೇಬಲ್ ರಾಟೆಗಳ ಮೇಲೆ ಹಾದು ಗಾಜಿನ ಬುಡವನ್ನು ಎಳೆಯುತ್ತದೆ. ಬಾವಿಯಿಂದ ನೀರು ಸೇದಿದ ಹಾಗೆಯೇ: ಕೊಡ ಗೋಡೆಗೆ ಉಜ್ಜುತ್ತಿದ್ದರೆ ಸೇದುವವರ ರಟ್ಟೆ ಸೋಲುತ್ತದೆ. ಇಲ್ಲಿ ಗೋಡೆ ಎಂದರೆ ಗಾಜು ಜಾರುವ ಚಾನೆಲ್. ನಲವತ್ತು ವರ್ಷದ ಬಿಸಿಲಿಗೆ ಅದರ ರಬ್ಬರು ಒಣಗಿ ಗಟ್ಟಿಯಾಗಿರುತ್ತದೆ, ಒಳಪದರ ಸವೆದಿರುತ್ತದೆ. ಇಳಿಯುವಾಗ ಗಾಜಿನ ಭಾರವೇ ನೆರವಾಗುವುದರಿಂದ ತೊಂದರೆ ತಿಳಿಯುವುದಿಲ್ಲ.

ಒಳಗಿನ ಪ್ಯಾನೆಲ್ ಬಿಚ್ಚಿ, ಗಾಜನ್ನು ಕೇಬಲ್ಲಿನಿಂದ ಬಿಡಿಸಿ, ಕೈಯಿಂದಲೇ ಮೇಲೆ ಕೆಳಗೆ ಆಡಿಸಿ. ಬಿಚ್ಚುವ ಮೊದಲು ಗಾಜು ಜಾರಿ ಬೀಳದಂತೆ ಟೇಪು ಅಂಟಿಸಿ ನಿಲ್ಲಿಸಿಕೊಳ್ಳಿ. ಕೈಗೆ ಭಾರವಾದರೆ ಕಳ್ಳ ಸಿಕ್ಕಿದ. ಚಾನೆಲ್ ತೊಳೆದು, ಒಣಗಿಸಿ, ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಪೆಟ್ರೋಲಿಯಂ ಗ್ರೀಸು ಮಾತ್ರ ಬೇಡ, ಅದು ರಬ್ಬರನ್ನು ಉಬ್ಬಿಸುತ್ತದೆ, ಧೂಳನ್ನೂ ಕರೆದುಕೊಳ್ಳುತ್ತದೆ. ಒಳಪದರ ಹರಿದಿದ್ದರೆ ಸ್ಪ್ರೇಯಿಂದ ಏನೂ ಆಗದು, ಹೊಸ ಚಾನೆಲ್ಲೇ ಬೇಕು.

ಗಾಜು ಕೈಯಲ್ಲಿ ಸಲೀಸಾಗಿ ಆಡಿದರೆ ಕರೆಂಟಿನ ಕಡೆ ತಿರುಗಿ. ಎಲ್ಲವನ್ನೂ ಮೊದಲಿನಂತೆ ಜೋಡಿಸಿ, ಸ್ವಿಚ್ ಒತ್ತಿಹಿಡಿದು, ಗಾಜು ಏರುತ್ತಿರುವಾಗಲೇ ಮೋಟರಿನ ಎರಡು ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಮೋಟರ್ ನಿಂತಿರುವಾಗ ಅಳೆದ ಅಂಕಿಗೆ ಇಲ್ಲಿ ಬೆಲೆಯಿಲ್ಲ. ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದು ಮೋಟರಿಗೆ 9 ಮಾತ್ರ ತಲುಪುತ್ತಿದ್ದರೆ ಉಳಿದದ್ದು ದಾರಿಯಲ್ಲಿ ಸೋರಿದೆ. ಹಳೆಯ ಸ್ವಿಚ್ಚಿನ ಕರಕಲು ಕಾಂಟ್ಯಾಕ್ಟ್, ಹಸಿರುಗಟ್ಟಿದ ಕನೆಕ್ಟರ್, ಸಡಿಲ ಅರ್ತ್, ಎಲ್ಲ ಸೇರಿ 0.3 ಓಮ್ ಆದರೂ ಸಾಕು: 10 ಆಂಪಿಯರ್ ಹರಿದರೆ 3 ವೋಲ್ಟ್ ಅಲ್ಲೇ ಖರ್ಚು. ಇದೇ ದೋಷ ಉಳಿದಿರುವಾಗ ಹೊಸ ಮೋಟರ್ ಹಾಕಿದರೆ ಅದೂ ತೆವಳುತ್ತದೆ.

ಹೀಗೆ ಸೋರುವ ವೋಲ್ಟಿಗೆ ಒಳ್ಳೆಯ ಪರಿಹಾರ ರಿಲೇ. ಒಂದು ಕಿಟಕಿಗೆ ಎರಡು ರಿಲೇ, ಒಂದು ಏರಿಸಲು, ಇನ್ನೊಂದು ಇಳಿಸಲು. ಮೋಟರಿಗೆ ಕರೆಂಟು ದಪ್ಪ ತಂತಿಯಲ್ಲಿ, ತನ್ನದೇ ಫ್ಯೂಸಿನ ಮೂಲಕ ಬರುತ್ತದೆ. ಸ್ವಿಚ್ಚಿನ ಪಾಲಿಗೆ ರಿಲೇ ಎಳೆಯುವಷ್ಟು ಅಲ್ಪ ಕರೆಂಟು ಮಾತ್ರ. ಮೂಲ ರೂಪ ಕೆಟ್ಟೀತು ಎಂದು ಸಂಗ್ರಾಹಕರು ಮೂಗು ಮುರಿಯುವುದುಂಟು. ಹಳೆಯ ತಂತಿ ಕತ್ತರಿಸದೆ ಜೋಡಿಸಿದರೆ ನಾಳೆ ಕಳಚಿ ಮೊದಲಿನಂತೆ ಮಾಡಬಹುದು, ಹಾಗಾಗಿ ಈ ಆಕ್ಷೇಪವನ್ನು ನಾನು ಲೆಕ್ಕಕ್ಕೆ ಇಡುವುದಿಲ್ಲ.

ಚಾನೆಲ್ಲೂ ಸರಿ, ವೋಲ್ಟೂ ಸರಿ ಎಂದಾದರೆ ಆಗ ಮೋಟರ್ ಬಿಚ್ಚಿ. ಹಲವು ಬಾರಿ ಕಾರ್ಬನ್ ಪುಡಿ ಒರೆಸಿ, ಗೇರಿನ ಅಂಟುಗಟ್ಟಿದ ಗ್ರೀಸು ಬದಲಿಸಿ, ಸವೆದ ಬ್ರಷ್ ಹಾಕಿದರೆ ಮುಗಿಯುತ್ತದೆ.

ಪ್ರಶ್ನೆ: ನನ್ನ ಫೆರಾರಿ 328ರ ಕಿಟಕಿಗೆ ಹೊಸ ಕೇಬಲ್ ಹಾಕಿಸಿದೆ. ಗಾಜು ಮೊದಲಿಗಿಂತ ನಿಧಾನವಾಯಿತಲ್ಲ?
– ಓದುಗರು, ಲಂಡನ್

ಉತ್ತರ: ಬಹುಶಃ ಬಿಗಿ ಹೆಚ್ಚಾಗಿದೆ. ಸಡಿಲವಾದರೆ ಕೇಬಲ್ ಡ್ರಮ್ಮಿನಿಂದ ಹಾರುತ್ತದೆ ಎಂಬ ಭಯಕ್ಕೆ ಕೆಲವರು ವೀಣೆಯ ತಂತಿಯಂತೆ ಎಳೆದು ಕಟ್ಟುತ್ತಾರೆ. ಆಗ ಮೋಟರಿನ ಅರ್ಧ ಶಕ್ತಿ ರಾಟೆ ತಿರುಗಿಸುವುದಕ್ಕೇ ಹೋಗುತ್ತದೆ. ಸ್ವಲ್ಪ ಸಡಿಲಿಸಿ ನೋಡಿ. ಡ್ರಮ್ಮಿನ ಮೇಲೆ ಒಂದು ಸುತ್ತು ಇನ್ನೊಂದರ ಮೇಲೆ ಏರಿದೆಯೇ, ರಾಟೆಗಳು ಬೆರಳಿಗೆ ಸುಲಭವಾಗಿ ತಿರುಗುತ್ತವೆಯೇ, ಅದನ್ನೂ ಗಮನಿಸಿ. ಗಾಜು ಓರೆಯಾಗಿ ಏರುತ್ತಿದ್ದರೆ ಬ್ರಾಕೆಟ್ಟಿನ ಬೋಲ್ಟ್ ಸಡಿಲಿಸಿ, ಗಾಜನ್ನು ಪೂರ್ತಿ ಏರಿಸಿಟ್ಟು ಮತ್ತೆ ಬಿಗಿಯಿರಿ.

ಪ್ರಶ್ನೆ: ಕಿಟಕಿಯ ಫ್ಯೂಸ್ ಪದೇಪದೇ ಹೋಗುತ್ತಿದೆ. ದೊಡ್ಡದು ಹಾಕಬಹುದೇ? ನಮ್ಮದು ಸ್ಪೋರ್ಟ್ಸ್ ಕಾರಲ್ಲ, ಸಾದಾ ಹ್ಯಾಚ್‌ಬ್ಯಾಕ್.
– ಓದುಗರು, ಹುಬ್ಬಳ್ಳಿ

ಉತ್ತರ: ಖಂಡಿತ ಕೂಡದು, ತಂತಿ ಸುಡುತ್ತದೆ. ಗಾಜು ಉಜ್ಜುತ್ತಿದ್ದರೆ ಮೋಟರ್ ಹೆಚ್ಚು ಕರೆಂಟು ಎಳೆದು ಫ್ಯೂಸ್ ಹೋಗಬಹುದು. ಇಂದಿನ ಅನೇಕ ಸಾದಾ ಕಾರುಗಳಲ್ಲೂ ಕಿಟಕಿ ಎತ್ತುವುದು ಕೇಬಲ್ಲೇ, ಆದ್ದರಿಂದ ಮೇಲಿನ ಕೈ ಪರೀಕ್ಷೆ ನಿಮಗೂ ಹೊಂದುತ್ತದೆ. ನಿಮ್ಮಲ್ಲಿ ಚಾನೆಲ್ ತುಂಬ ಧೂಳೇ ಇರಬಹುದು. ವ್ಯತ್ಯಾಸವಿಷ್ಟೇ: ನಿಮ್ಮ ಕಾರಿಗೆ ಕೇಬಲ್, ರಾಟೆ ಎಲ್ಲ ಸೇರಿದ ಇಡೀ ಸೆಟ್ ಅಂಗಡಿಯಲ್ಲಿ ಸಿಗುತ್ತದೆ. ಪ್ಲಾಸ್ಟಿಕ್ ಕ್ಲಿಪ್ ಮುರಿದಿದ್ದರೆ ಅಂಟಿಸುತ್ತ ಕೂರದೆ ಸೆಟ್ ಬದಲಿಸಿ. ಗಾಜು ಬಾಗಿಲೊಳಗೆ ಬಿದ್ದುಬಿಟ್ಟರೆ ಸ್ವಿಚ್ ಮುಟ್ಟಲೇಬೇಡಿ, ತುಂಡಾದ ಕೇಬಲ್ ಡ್ರಮ್ಮಿಗೆ ಸುತ್ತಿಕೊಂಡು ಮೋಟರನ್ನೂ ಕೆಡಿಸುತ್ತದೆ.