ಮಾವು ಹೂ ಬಿಟ್ಟಾಗ ನೆನಪಾಗುವ ಮೇಷ್ಟ್ರು

ಶ್ರೀನಿವಾಸಪುರದ ಕಡೆ ವಸಂತ ಪಂಚಾಂಗಕ್ಕೆ ಕಾಯುವುದಿಲ್ಲ. ಸಂಕ್ರಾಂತಿ ಕಳೆಯುತ್ತಿದ್ದಂತೆ ಬಾದಾಮಿ, ಬೇನಿಶಾ ಮರಗಳು ಹೂ ತುಂಬಿಕೊಳ್ಳುತ್ತವೆ. ಶಿವರಾತ್ರಿ ಹೊತ್ತಿಗೆ ತೋತಾಪುರಿಯೂ ಸೇರಿ ಊರಿಗೆ ಊರೇ ಮಾವಿನ ಹೂವಿನ ವಾಸನೆ. ಅದರ ಹಿಂದೆಯೇ ಔಷಧಿಯ ವಾಸನೆಯೂ ಬರುತ್ತದೆ. ವರ್ಷದ ಅನ್ನವೆಲ್ಲ ಆ ಹೂವಿನಲ್ಲೇ ಇರುವುದರಿಂದ ರೈತನಿಗೆ ಭಯ. ಆ ಭಯದಲ್ಲೇ ಪಂಪು ಹೊರಗೆ ಬರುತ್ತದೆ.

ಕೃಷಿ ಕಾಲೇಜಿನಲ್ಲಿ ನಮಗೆ ಕೀಟಶಾಸ್ತ್ರ ಕಲಿಸಿದ ಮೇಷ್ಟ್ರು ಪುಸ್ತಕಕ್ಕಿಂತ ಹೆಚ್ಚಾಗಿ ತೋಟದಲ್ಲಿ ಪಾಠ ಮಾಡುತ್ತಿದ್ದರು. ಬಿಸಿಲೇರುವ ಮೊದಲು ಮಾವಿನ ಮರದ ಕೆಳಗೆ ನಿಲ್ಲಿಸಿ, 'ಯಾರ್ಯಾರು ಬರ್ತಾರೆ ನೋಡಿ ಬರ್ಕೊಳ್ಳಿ' ಎನ್ನುತ್ತಿದ್ದರು. ನಾವು ಜೇನಿಗಾಗಿ ಕಾಯುತ್ತಿದ್ದರೆ ಹೂವಿನ ಮೇಲೆ ಕೂರುತ್ತಿದ್ದವು ಹೆಚ್ಚಾಗಿ ನೊಣಗಳು. ಒಂದೊಂದು ಗೊಂಚಲಿನಲ್ಲಿ ನೂರಾರು, ಕೆಲವದರಲ್ಲಿ ಸಾವಿರಕ್ಕೂ ಮೀರಿ ಹೂ ಇರುತ್ತವೆ. ಅದರಲ್ಲಿ ಬಹುಪಾಲು ಗಂಡು ಹೂ. ಕಾಯಿ ಕಟ್ಟಬಲ್ಲ ಹೂವಿಗೂ ನೊಣ, ಜೇನು, ಸಣ್ಣ ನಸರಿ ಬಂದು ಪರಾಗ ಮುಟ್ಟಿಸಬೇಕು. 'ಹೂ ಅರಳಿದಾಗ ಔಷಧಿ ಹೊಡೆದರೆ ನಿಮ್ಮ ಕೂಲಿಯಾಳುಗಳನ್ನ ನೀವೇ ಕೊಂದ ಹಾಗೆ. ಮೊದಲು ನೋಡಿ, ಆಮೇಲೆ ಎಣಿಸಿ, ಕೊನೆಗೆ ಔಷಧಿ' ಎಂದು ಅವರು ಹೇಳಿದ್ದು ನನ್ನ ನೋಟ್‌ಬುಕ್ಕಿನಲ್ಲಿ ಇಂದಿಗೂ ಇದೆ.

ಆ ಮಾತಿಗೆ ಪರೀಕ್ಷೆ ಬಂದದ್ದು ಅಪ್ಪ ಹೋದ ಮೇಲೆ ತೋಟ ನನ್ನ ಕೈಗೆ ಬಂದ ಮೊದಲ ವರ್ಷ. ಮೋಡ ಮುಚ್ಚಿದ ವಾರ. ಮರದ ಹತ್ತಿರ ಹೋದರೆ ಹೂವಿನ ರಸ ಹೀರುವ ಜಿಗಿಹುಳ ಎದ್ದು ಎಲೆಗಳ ಮೇಲೆ ಚಟಪಟ ಹನಿ ಬಿದ್ದಂತೆ ಸದ್ದು, ಮುಖಕ್ಕೆ ರಾಚುತ್ತಿದ್ದವು. ಎಲೆಗಳೆಲ್ಲ ಅಂಟಂಟು, ಬೆರಳಿಟ್ಟರೆ ಹಿಡಿದುಕೊಳ್ಳುತ್ತಿತ್ತು. ಕೆಳಗಿನ ಕೊಂಬೆಗಳಲ್ಲಿ ಆ ಅಂಟಿನ ಮೇಲೆ ಕಾಡಿಗೆಯಂಥ ಕಪ್ಪು ಹಿಡಿಯತೊಡಗಿತ್ತು. ರಾತ್ರಿ ನಿದ್ದೆ ಬರಲಿಲ್ಲ. ಅಮ್ಮ ಏನೂ ಹೇಳಲಿಲ್ಲ. ಒಂದು ಗೊಂಚಲು ಕಿತ್ತು ತಂದು ದೇವರ ಮುಂದಿಟ್ಟಳು, ಅಷ್ಟೇ.

ಮಾರನೆಯ ಬೆಳಿಗ್ಗೆ ಚಿಕ್ಕಪ್ಪ ನನ್ನನ್ನು ಕೇಳದೆ ಇಬ್ಬರನ್ನು ಕರೆತಂದರು. ಒಬ್ಬ ಔಷಧಿ ಅಂಗಡಿಯವನು, ಇನ್ನೊಬ್ಬ ಹೂವಿನಲ್ಲೇ ಫಸಲು ಗುತ್ತಿಗೆ ಹಿಡಿಯುವ ವ್ಯಾಪಾರಿ. ಹಿಂದೆ ಟ್ರ್ಯಾಕ್ಟರಿನಲ್ಲಿ ಡ್ರಮ್ಮು, ಮೋಟಾರು ಪಂಪು, ಸುರುಳಿ ಸುತ್ತಿದ ಪೈಪು. ಅಂಗಡಿಯವನು ಅದಾಗಲೇ ಔಷಧಿ ಕಲಸಿದ್ದ. ಒಂದಲ್ಲ, ಮೂರು ಬಗೆ ಒಟ್ಟಿಗೆ.

'ಏನೋ ಮಗಾ, ಹುಳ ತಿಂದು ಹೋದ್ಮೇಲೆ ಹೊಡೀತೀಯಾ? ಓದಿದ್ದು ತಲೆಗೆ ಹತ್ತಿದ್ರೆ ಸಾಲ್ದು, ತೋಟಕ್ಕೆ ಹತ್ಬೇಕು' ಎಂದರು ಚಿಕ್ಕಪ್ಪ, ಎಲ್ಲರ ಎದುರಿಗೆ. ವ್ಯಾಪಾರಿ ಮುಂಗಡದ ನೋಟಿನ ಕಟ್ಟು ಜೇಬಿನಿಂದ ಅರ್ಧ ಹೊರಗೆಳೆದು ತೋರಿಸಿದ. ಔಷಧಿ ಖರ್ಚು ತನ್ನದು, ಕಾಯಿ ತನ್ನದು, ನಾನು ಸಹಿ ಹಾಕಿದರೆ ಸಾಕು ಎಂದ.

'ಚಿಕ್ಕಪ್ಪಾ, ಹತ್ತು ನಿಮಿಷ ಕೊಡಿ, ಮರ ನೋಡ್ಕೊಂಡು ಬರ್ತೀನಿ' ಎಂದು ಟ್ರ್ಯಾಕ್ಟರಿನ ಮುಂದೆಯೇ ನಿಂತೆ. ಕಾಲು ನಡುಗುತ್ತಿತ್ತು. ಡ್ರೈವರ್ ಇಂಜಿನ್ ಆಫ್ ಮಾಡಲಿಲ್ಲ. ಆ ಸದ್ದಿನ ನಡುವೆಯೇ ಸಾಲು ಸಾಲು ತಿರುಗಿ ಗೊಂಚಲು ಗೊಂಚಲಿಗೆ ಹುಳ ಎಣಿಸಿದೆ. ಗೊಂಚಲಿಗೆ ನಾಲ್ಕೈದು ಹುಳ ದಾಟಿದರೆ ಮಾತ್ರ ಔಷಧಿ ಎಂಬುದು ಮೇಷ್ಟ್ರು ಕೊಟ್ಟ ಲೆಕ್ಕ. ಬಾವಿ ಪಕ್ಕದಲ್ಲಿ ಒತ್ತೊತ್ತಾಗಿ ಬೆಳೆದು ಬಿಸಿಲೇ ಬೀಳದ ಮರಗಳಲ್ಲಿ ಲೆಕ್ಕ ಮೀರಿತ್ತು. ಮೇಲಿನ ತೋಟದಲ್ಲಿ ಹುಡುಕಿದರೂ ಒಂದೆರಡು. ಅಲ್ಲಿ ಹೂ ಪೂರ್ತಿ ಅರಳಿ ನೊಣ ಮುತ್ತಿಕೊಂಡಿದ್ದವು.

ತಿರುಗಿ ಬಂದು 'ಡ್ರಮ್ಮು ವಾಪಸ್ ತಗೊಂಡ್ ಹೋಗಿ' ಎಂದೆ. ಚಿಕ್ಕಪ್ಪ ಕೈಲಿದ್ದ ಟವಲ್ಲು ಝಾಡಿಸಿ, 'ನಿಮ್ಮಪ್ಪನ ತೋಟ ಹಾಳು ಮಾಡೋಕೆ ಹುಟ್ಟಿದೀಯ' ಎಂದು ಹೇಳಿ ಹೋದರು. ಆ ಮಾತು ಇಂದಿಗೂ ಮರೆತಿಲ್ಲ. ಮನೆಯ ಹಿರಿಯರೆಂಬ ಗೌರವ ಇದ್ದೇ ಇದೆ, ಆದರೆ ಅಂದು ಅವರು ಮಾಡಿದ್ದು ಅನ್ಯಾಯ.

ಬಾವಿ ಪಕ್ಕದ ಮರಗಳಿಗೆ ಮಾತ್ರ ಸಂಜೆ, ನೊಣ ಜೇನು ಹೂ ಬಿಟ್ಟು ಹೋದ ಮೇಲೆ ಬೇವಿನ ಕಷಾಯ ಹೊಡೆಸಿದೆ. ಪೀಚು ಬಟಾಣಿ ಗಾತ್ರಕ್ಕೆ ಬಂದ ಮೇಲೆ ಇನ್ನೊಮ್ಮೆ ನೋಡಿ, ಬೇಕಾದ ಕಡೆಗಷ್ಟೇ ಔಷಧಿ. ಬೂದಿರೋಗಕ್ಕೆ ನೀರಿನಲ್ಲಿ ಕರಗುವ ಗಂಧಕವನ್ನು ಹೂ ಅರಳುವ ಮೊದಲೇ ಹೊಡೆಸಿದ್ದೆ, ಅದು ರೋಗಶಾಸ್ತ್ರದ ಮೇಡಂ ಹೇಳಿಕೊಟ್ಟದ್ದು. ಆ ಬೇಸಿಗೆ ಕಾಯನ್ನು ಮಂಡಿಯಲ್ಲಿ ತೂಕಕ್ಕೆ ಮಾರಿದೆ. ವ್ಯಾಪಾರಿ ಹೂವಿನಲ್ಲಿ ಹೇಳಿದ್ದ ಮೊತ್ತಕ್ಕಿಂತ ಹೆಚ್ಚೇ ಕೈಗೆ ಬಂತು. 'ಹೂ ನೋಡಿ ಸಹಿ ಹಾಕಬೇಡಿ, ಕಾಯಿ ನೋಡಿ ಹಾಕಿ' ಎಂದಿದ್ದು ಅರ್ಥಶಾಸ್ತ್ರದ ಮೇಷ್ಟ್ರು. ಪರೀಕ್ಷೆಯಲ್ಲಿ ಆ ಪ್ರಶ್ನೆ ಬರಲೇ ಇಲ್ಲ, ಬದುಕಿನಲ್ಲಿ ಬಂತು.

ಹೊಸದಾಗಿ ತೋಟಕ್ಕೆ ಇಳಿದವರಿಗೆ ಹೇಳುವುದು ಇಷ್ಟು. ಕೊಯ್ಲು ಮುಗಿದ ಮೇಲೆ ಒತ್ತಾದ ಕೊಂಬೆ ಸವರಿ ಮರದೊಳಕ್ಕೆ ಬಿಸಿಲು ಬಿಡಿ, ಜಿಗಿಹುಳಕ್ಕೆ ನೆರಳೇ ಮನೆ. ಮೂರು ಔಷಧಿ ಒಟ್ಟಿಗೆ ಕಲಸಿ ಕೊಡುವವರನ್ನು ನಂಬಬೇಡಿ. ಅಂಗಡಿಗಳಲ್ಲಿ ಸಲೀಸಾಗಿ ಸಿಗುವ ಇಮಿಡಾಕ್ಲೋಪ್ರಿಡ್‌ನಂಥ ಔಷಧಿ ಜೇನಿಗೆ ವಿಷ. ಆ ಕಾರಣಕ್ಕೇ ಯುರೋಪಿನ ದೇಶಗಳು 2018ರಲ್ಲಿ ಅದನ್ನು ಬಯಲಿನ ಬೆಳೆಗಳಿಗೆ ಬಳಸದಂತೆ ನಿಷೇಧಿಸಿದವು.

ಈ ಮಾತುಗಳನ್ನು ನಾನು ಕಂಡುಹಿಡಿದದ್ದಲ್ಲ, ಮೇಷ್ಟ್ರುಗಳು ಕೊಟ್ಟದ್ದು. ಕಾಲೇಜಿನ ಹಳೆಯ ನೋಟ್‌ಬುಕ್ ಇದ್ದರೆ ರದ್ದಿಗೆ ಹಾಕಬೇಡಿ. ಪಾಠ ಹೇಳಿದವರು ಇನ್ನೂ ಇದ್ದರೆ ಈ ಹೂವಿನ ಕಾಲದಲ್ಲೇ ಒಂದು ಫೋನ್ ಮಾಡಿ, ತೋಟ ಹೇಗಿದೆ ಎಂದು ಹೇಳಿ. ಅವರಿಗೆ ಸಲ್ಲಬೇಕಾದ ಗುರುದಕ್ಷಿಣೆ ಅದೇ.