ಗುಡಿ ಬಿಟ್ಟು ಬಂದ ಗುಡಿಗಾರರು



ಹೊಸೂರಿನ ಚಂದ್ರಚೂಡೇಶ್ವರನ ತೇರಿನ ದಿನ ನಿಮ್ಮಲ್ಲಿ ಅನೇಕರು ಹಗ್ಗಕ್ಕೆ ಕೈ ಹಚ್ಚಿದವರೇ. ಆದರೆ ತೇರು ನಿಂತ ಮೇಲೆ ಅದರ ಬಳಿಗೆ ಹೋಗಿ ಮರದ ಕೆತ್ತನೆಯನ್ನು ನಿಧಾನವಾಗಿ ನೋಡಿದವರು ಎಷ್ಟು ಮಂದಿ? ತರಗತಿಯಲ್ಲಿ ನಾವು ಈ ಪ್ರಶ್ನೆ ಕೇಳಿದಾಗ ಮೇಲೆದ್ದ ಕೈಗಳು ಮೂರೋ ನಾಲ್ಕೋ. ಕೈವಾರದ ಮೊನೆಯಿಂದ ಬೆಂಚಿನ ಮೇಲೆ ಹೆಸರು ಕೆತ್ತಿದವರು ಎಷ್ಟು ಮಂದಿ ಎಂದು ನಾವು ಕೇಳಲಿಲ್ಲ. ಬೆಂಚುಗಳೇ ಅದಕ್ಕೆ ಉತ್ತರ ಹೇಳುತ್ತಿದ್ದುವು. ಮರ ಕಂಡೊಡನೆ ಕೆತ್ತಬೇಕೆಂಬ ಆಸೆ ನಿಮ್ಮಲ್ಲಿ ಇಷ್ಟೊಂದು ಇರುವುದರಿಂದ, ಆ ಆಸೆಯನ್ನೇ ಬಾಳಿನ ಕಸುಬನ್ನಾಗಿ ಮಾಡಿಕೊಂಡ ಒಂದು ಜನದ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇವೆ. ಅವರೇ ಗುಡಿಗಾರರು.

ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬಗಳಲ್ಲಿಯೂ, ಉತ್ತರ ಕನ್ನಡ ಜಿಲ್ಲೆಯ ಸಿರಸಿ, ಸಿದ್ಧಾಪುರ, ಹೊನ್ನಾವರ, ಕುಮಟಾಗಳಲ್ಲಿಯೂ ಇವರ ಮನೆಗಳುಂಟು. ನಮ್ಮ ಹೊಸೂರಿನಿಂದ ಸಾಗರಕ್ಕೆ ಸುಮಾರು 400 ಕಿಲೋಮೀಟರುಗಳ ದಾರಿ. ಶ್ರೀಗಂಧದ ಕೆತ್ತನೆಯೆಂದರೆ ಮೊದಲು ನೆನಪಿಗೆ ಬರುವುದು ಈ ಊರುಗಳೇ. ಆದರೆ ಗುಡಿಗಾರರು ಅಲ್ಲಿಯ ಮೂಲ ನಿವಾಸಿಗಳಲ್ಲ. ತಮ್ಮ ಹಿರಿಯರು ಗೋವೆಯಿಂದ ಬಂದವರೆಂಬುದು ಅವರಲ್ಲಿ ತಲೆಮಾರುಗಳಿಂದ ನಡೆದುಬಂದಿರುವ ಹೇಳಿಕೆ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಗೆದ್ದರು. 1540ರಿಂದೀಚೆಗೆ ಅಲ್ಲಿಯ ದೇವಾಲಯಗಳನ್ನು ಕೆಡವಿಸತೊಡಗಿದರು. 1560ರಲ್ಲಿ ಮತವಿಚಾರಣೆಯ ನ್ಯಾಯಸ್ಥಾನವೂ ಏರ್ಪಟ್ಟಿತು. ಮತಾಂತರದ ಒತ್ತಾಯಕ್ಕೆ ಒಳಗಾಗಲೊಲ್ಲದೆ ಊರು ತೊರೆದು ದಕ್ಷಿಣಕ್ಕೆ ಬಂದ ಹಲವು ಜನರಲ್ಲಿ ಗುಡಿಗಾರರೂ ಸೇರಿದ್ದರು. ಅವರ ಹೆಸರು ಗುಡಿ ಎಂಬ ಮಾತಿನಿಂದಲೇ ಹುಟ್ಟಿದ್ದೆಂದು ಹೇಳುವರು. ಗುಡಿಯ ಕೆಲಸದವರಿಗೆ ಗುಡಿಯೇ ಇಲ್ಲವಾದರೆ ಅವರ ಪಾಡೇನು, ಯೋಚಿಸಿರಿ.

ಹೊಲವನ್ನು ಹೊತ್ತು ತರಲಾಗದು, ಮನೆಯನ್ನು ಹೊತ್ತು ತರಲಾಗದು. ಉಳಿಗಳ ಗಂಟೊಂದನ್ನು ತರಬಹುದು; ಉಳಿ ಹಿಡಿಯಬಲ್ಲ ಕೈಯಂತೂ ಜೊತೆಯಲ್ಲಿಯೇ ಬರುತ್ತದೆ. ಅವರು ಬಂದು ನೆಲೆಸಿದ ಮಲೆನಾಡಿನ ಸೀಮೆ ಆಗ ಕೆಳದಿ ನಾಯಕರ ಆಳ್ವಿಕೆಯಲ್ಲಿತ್ತು. ಅಲ್ಲಿ ಕಾಡಿತ್ತು, ಕಾಡಿನಲ್ಲಿ ಶ್ರೀಗಂಧವಿತ್ತು.

ಶ್ರೀಗಂಧದ ಪರಿಚಯ ನಿಮಗೂ ಉಂಟು. ನಮ್ಮ ಡೆಂಕಣಿಕೋಟೆಯ ಕಡೆಯ ಕಾಡುಗಳಲ್ಲಿ ಅದು ತಾನಾಗಿ ಬೆಳೆಯುವ ಮರ. ಅದರ ಹೊರಗಿನ ಬಿಳಿಯ ಭಾಗಕ್ಕೆ ಪರಿಮಳವಿಲ್ಲ. ಒಳಗಿನ ತಿರುಳು, ಅಂದರೆ ಚೇಗು, ಬಲಿಯಲು ಹಲವು ದಶಕಗಳೇ ಬೇಕು. ಈ ಚೇಗು ಗಟ್ಟಿ, ನುಣುಪು. ಅದರ ಎಳೆಗಳು ಬಹಳ ಒತ್ತಾಗಿರುವುದರಿಂದ ಕೂದಲಿನಷ್ಟು ಸಣ್ಣ ಗೆರೆಯನ್ನು ಕೊರೆದರೂ ಅಂಚು ಸಿಡಿಯುವುದಿಲ್ಲ. ತೇಗದಲ್ಲಿ ದೊಡ್ಡ ಬೊಂಬೆ ಚೆನ್ನಾಗಿ ಏಳುತ್ತದೆ. ಬೆರಳುದ್ದದ ಬಳ್ಳಿಯಲ್ಲಿ ಹತ್ತು ಎಲೆ, ಎರಡು ಗಿಳಿ ಬೇಕೆಂದರೆ ಶ್ರೀಗಂಧವೇ ಆಗಬೇಕು.

ಕೆಲಸದ ಕ್ರಮ ಹೀಗೆ: ಆರಿದ ಮರವನ್ನು ಗರಗಸದಿಂದ ಕೊಯ್ದು, ಕೀಸುಳಿಯಿಂದ ನಯಮಾಡಿ, ಅದರ ಮೇಲೆ ಚಿತ್ರದ ಗೆರೆಗಳನ್ನು ಮೂಡಿಸಿಕೊಳ್ಳುವರು. ಬಳಿಕ ಉಳಿ, ಕೊಡತಿಗಳಿಂದ ಹಿನ್ನೆಲವನ್ನು ತಗ್ಗಿಸುತ್ತ ಹೋದಂತೆ ಚಿತ್ರ ಮೇಲೆದ್ದು ಬರುತ್ತದೆ. ಸಣ್ಣ ಕೆಲಸಕ್ಕೆ ಸಣ್ಣ ಸಣ್ಣ ಉಳಿಗಳು, ಅರಗಳು ಬೇರೆ. ಮರದಿಂದ ತೆಗೆದುದನ್ನು ಮತ್ತೆ ಅಂಟಿಸುವಂತಿಲ್ಲ. ನೀವು ಬರೆವಣಿಗೆಯಲ್ಲಿ ಅಳಿಸಿ ಬರೆಯುವಿರಿ. ಅವರಿಗೆ ಆ ಸೌಕರ್ಯವಿಲ್ಲ.

1897ರಲ್ಲಿ ಪ್ರಕಟವಾದ, ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿ ಈ ಕೆತ್ತನೆಯ ವರ್ಣನೆಯುಂಟು. ಪೆಟ್ಟಿಗೆಯ ತುಂಬ ಬಳ್ಳಿಯೊಳಗೆ ಬಳ್ಳಿ ಹೆಣೆದುಕೊಂಡಿರುತ್ತದೆ. ಬಳ್ಳಿಗಳ ನಡುವೆ ದೇವತೆಯ ಮೂರ್ತಿಯೋ ಪುರಾಣದ ಸನ್ನಿವೇಶವೋ ಇರುತ್ತದೆ. ಅಲ್ಲೊಂದು ಇಲ್ಲೊಂದು ಪ್ರಾಣಿ ಇಣುಕುತ್ತದೆ. ಕೆತ್ತದೆ ಬಿಟ್ಟ ಸ್ಥಳ ಎಳ್ಳಷ್ಟೂ ಇಲ್ಲ. ಇಂತಹ ಒಂದು ಮೇಜುಪೆಟ್ಟಿಗೆಗೆ ಹಲವು ತಿಂಗಳುಗಳು ಹಿಡಿಯುತ್ತಿದ್ದುವೆಂದು ಹೇಳಿ, ಕೆತ್ತುವವರ ಕಣ್ಣು ಚಿಕ್ಕ ವಯಸ್ಸಿಗೇ ಮಂಕಾಗುತ್ತಿತ್ತೆಂಬ ಮಾತನ್ನೂ ರೈಸ್ ಅವರು ಸೇರಿಸಿದ್ದಾರೆ. ಪೆಟ್ಟಿಗೆಯ ಅಂದವನ್ನು ಹೊಗಳುವ ನಮ್ಮಂಥವರು ಈ ಕೊನೆಯ ಮಾತನ್ನು ಮರೆತುಬಿಡುತ್ತೇವೆ. ಮಗನು ತಂದೆಯ ಪಕ್ಕದಲ್ಲಿ ಕುಳಿತು ಕಸುಬು ಕಲಿಯುತ್ತಿದ್ದ. ತಂದೆಯ ಕಣ್ಣು ಸೋತಾಗ ಮಗನ ಕೈ ಪಳಗಿರಬೇಕಾಗಿತ್ತು. ಮಕ್ಕಳ ವಿದ್ಯೆಯ ಚಿಂತೆಯುಳ್ಳ ತಂದೆತಾಯಿಗಳಿಗೆ ಇದರ ಭಾರ ನಾವು ಹೇಳದೆಯೇ ತಿಳಿದೀತು.

ಇನ್ನು ಅವರ ಕಲಾದೃಷ್ಟಿಯ ವಿಚಾರ. ಗುಡಿಗಾರರೆಂದರೆ ಶ್ರೀಗಂಧವೊಂದೇ ಎಂದು ತಿಳಿಯಬಾರದು. ಕೆರೆಯ ಜೌಗಿನಲ್ಲಿ ಬೆಳೆಯುವ ಗಿಡದ ಹಗುರವಾದ ಬೆಂಡಿನಿಂದ ಮದುವೆಯ ಬಾಸಿಂಗವನ್ನು ಮಾಡುವವರೂ ಅವರೇ. ಚೌತಿಗೆ ಮಣ್ಣಿನ ಗಣಪತಿಯನ್ನು ಮಾಡಿ ಬಣ್ಣ ಹಚ್ಚುವವರೂ ಅವರೇ. ಬಾಸಿಂಗದ ಆಯುಸ್ಸು ಮದುವೆ ಮುಗಿಯುವ ತನಕ. ಗಣಪತಿಯ ಆಯುಸ್ಸು ಕೆರೆಗೆ ಬಿಡುವ ತನಕ. ಶ್ರೀಗಂಧದ ಪೆಟ್ಟಿಗೆಯಾದರೋ ಮೊಮ್ಮಕ್ಕಳ ಕಾಲಕ್ಕೂ ಪರಿಮಳ ಬೀರುತ್ತಿರುತ್ತದೆ. ನಾಳೆ ಕರಗುವುದೆಂದು ಗಣಪತಿಯ ಬೆರಳನ್ನು ಅರೆಗೆಲಸಕ್ಕೆ ಬಿಟ್ಟರೆ ಆ ಕೈ ಗಂಧದ ಮರದಲ್ಲಿಯೂ ಅರೆಗೆಲಸಕ್ಕೇ ಒಗ್ಗಿಹೋಗುತ್ತದೆ. ಆದುದರಿಂದ ಇವರ ಕಲೆಯನ್ನು ಪೆಟ್ಟಿಗೆಯಿಂದ ಮಾತ್ರ ಅಳೆಯುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಒಮ್ಮೆ ಎಲ್ಲವನ್ನೂ ಬಿಟ್ಟು ಬಂದ ಜನ ಸಿಕ್ಕಿದ ಬೆಂಡಿಗೂ ಮಣ್ಣಿಗೂ ಮರಕ್ಕೂ ಒಂದೇ ಕೈಯನ್ನು ಒಗ್ಗಿಸಿಕೊಂಡರು. ಹಳೆಯ ಪೆಟ್ಟಿಗೆಗಳಲ್ಲಿ ಕೆತ್ತಿದವನ ಹೆಸರು ಸಾಮಾನ್ಯವಾಗಿ ಕಾಣದು. ನಮ್ಮ ಬೆಂಚುಗಳಲ್ಲಿ ಹೆಸರಿನ ಹೊರತು ಬೇರೇನೂ ಕಾಣದು!

ಮರವೂ ಅವರ ಕೈಗೆ ಸುಲಭವಾಗಿ ಸಿಗುತ್ತಿರಲಿಲ್ಲ. 1792ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ ಮೇಲೆ ಅದು ಯಾರ ಹೊಲದಲ್ಲಿ ಬೆಳೆದರೂ ಸರ್ಕಾರದ ಸೊತ್ತಾಯಿತು. ಬೆಳೆದವನಿಗೆ ಮರದ ಹಕ್ಕಿಲ್ಲದೆ ಹೋದುದರಿಂದ ನೆಟ್ಟು ಸಾಕುವ ಉತ್ಸಾಹವೂ ಜನರಲ್ಲಿ ಬೆಳೆಯಲಿಲ್ಲ. ಕಳ್ಳಸಾಗಣೆ ಮಾತ್ರ ಬೆಳೆಯಿತು. ಭೂಮಿಯ ಒಡೆಯನಿಗೆ ಮರದ ಒಡೆತನ ಕರ್ನಾಟಕದಲ್ಲಿ 2001ರಲ್ಲಿಯೂ ತಮಿಳುನಾಡಿನಲ್ಲಿ 2002ರಲ್ಲಿಯೂ ದೊರೆಯಿತು. ಅಷ್ಟರಲ್ಲಿ ಕಾಡಿನ ಹಳೆಯ ಮರಗಳು ಬಹುಪಾಲು ಮುಗಿದಿದ್ದುವು. ಈಗ ಸಾಗರದ ಕಡೆ ಶಿವನೆಯ ಮರದಲ್ಲಿ ಮೂರ್ತಿಗಳನ್ನು ಕೆತ್ತುವುದು ರೂಢಿಯಾಗಿದೆ. ಶಿವನೆಗೆ ಆ ಪರಿಮಳವಿಲ್ಲ, ಅಷ್ಟು ಸಣ್ಣ ಗೆರೆಯನ್ನು ಅದು ತಾಳುವುದೂ ಇಲ್ಲ. ಬಳ್ಳಿಯ ಎಲೆಗಳನ್ನು ಸ್ವಲ್ಪ ದೊಡ್ಡದು ಮಾಡಿಕೊಂಡು ಕೆಲಸ ಮುಂದುವರಿಯುತ್ತಿದೆ.

ಬರುವ ತೇರಿನ ದಿನ ಪ್ರತಿಯೊಬ್ಬರೂ ಒಂದು ಹಾಳೆ, ಒಂದು ಸೀಸದ ಕಡ್ಡಿಯನ್ನು ತಪ್ಪದೆ ಒಯ್ಯಿರಿ. ತೇರಿನ ಒಂದೇ ಒಂದು ಬೊಂಬೆಯನ್ನು ಆರಿಸಿಕೊಂಡು ಅದರ ಕೈಬೆರಳುಗಳನ್ನು ಮಾತ್ರ ನೋಡಿ ಬರೆದು ತನ್ನಿರಿ. ಚಿತ್ರದ ಕೆಳಗೆ ಹೆಸರು ಬೇಡ. ಯಾರದೆಂದು ಕೈ ನೋಡಿಯೇ ಹೇಳಲು ಪ್ರಯತ್ನಿಸುತ್ತೇವೆ.